ಕೊಳೆ ಯಾರದು?

ಗುಲಾಮಗಿರಿ ಎಂದ ಕೂಡಲೆ ನಮ್ಮ ಸಾಲಿ ಪುಸ್ತಕಗಳು ಅಮೆರಿಕದ ಕಡೆ ಕೈ ತೋರಿಸುತ್ತವೆ. ಹತ್ತಿಯ ಹೊಲ, ಚಾವಟಿ, ಕರಿಯರು, ಲಿಂಕನ್. ಅಲ್ಲಿಗೆ ಪಾಠ ಮುಗಿಯಿತು. ಭಾಲ್ಕಿಯಲ್ಲೋ ಔರಾದದಲ್ಲೋ ಆ ಪಾಠ ಕೇಳುವ ಎಷ್ಟೋ ಹುಡುಗರ ಅಜ್ಜಂದಿರು ಗೌಡರ ವಾಡೆಯಲ್ಲಿ ಸಾಲಕ್ಕೆ ಬಿದ್ದು ವರ್ಷಗಟ್ಟಲೆ ದುಡಿದವರು. ಆ ದುಡಿತಕ್ಕೂ ಪುಸ್ತಕದ ಗುಲಾಮಗಿರಿಗೂ ಏನು ಸಂಬಂಧ ಎಂದು ಪುಸ್ತಕ ಹೇಳುವುದಿಲ್ಲ.

ಆ ಸಂಬಂಧದೊಳಗೆ ಒಂದು ನೈತಿಕ ಪ್ರಶ್ನೆ ಇದೆ. ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ದನಿ ಎತ್ತಿದ ಬಿಳಿಯರಲ್ಲಿ ಬಹಳ ಮಂದಿ ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ವಾರಸುದಾರರು. ಹಾಗಾದರೆ ಧರ್ಮದ ಪರಂಪರೆಯೊಂದು ಗುಲಾಮರನ್ನು ಬಿಡಿಸಬಲ್ಲದೆ? ಬೀದರ ಜಿಲ್ಲೆಯಲ್ಲಿ ಇದು ಬರೇ ಪುಸ್ತಕದ ಪ್ರಶ್ನೆ ಅಲ್ಲ. ಇಲ್ಲಿ 'ನಿಮ್ಮನ್ನು ಬಿಡಿಸಿದವರು ನಾವು' ಎನ್ನುವವರು ಒಬ್ಬಿಬ್ಬರಲ್ಲ. ಮಠದವರು ಹನ್ನೆರಡನೆಯ ಶತಮಾನದ ಶರಣರನ್ನು ತೋರಿಸುತ್ತಾರೆ. ಚರ್ಚಿನವರು ಮಿಷನ್ ಸಾಲಿ, ಮಿಷನ್ ದವಾಖಾನೆ ತೋರಿಸುತ್ತಾರೆ. ಸರ್ಕಾರದವರು ಕಾಯಿದೆ ಪುಸ್ತಕ ತೋರಿಸುತ್ತಾರೆ. ಯಾವುದನ್ನು ಎಷ್ಟು ನಂಬಬೇಕು? ಅಳೆಯುವ ಕೋಲು ಯಾವುದು?

ಮೊದಲು ಆ ಪ್ಯೂರಿಟನ್ ಎಂಬ ಹೆಸರನ್ನೇ ನೋಡೋಣ. ಅದರೊಳಗೆ ಶುದ್ಧಿ ಇದೆ. ಇಂಗ್ಲೆಂಡಿನ ಚರ್ಚು ಇನ್ನೂ ಸಾಕಷ್ಟು ಶುದ್ಧವಾಗಿಲ್ಲ, ಅದನ್ನು ತೊಳೆಯಬೇಕು ಎಂದು ಹಟ ಹಿಡಿದವರು ಅವರು. ಶುದ್ಧಿ ಎಂಬ ಮಾತು ಕೇಳಿದರೆ ನಮ್ಮ ಮೈ ಬೆಚ್ಚುತ್ತದೆ. ಯಾಕಪ್ಪಾ ಅಂದರೆ, ನಮ್ಮಲ್ಲಿ ಶುದ್ಧಿ ಎಂದರೆ ಮಡಿ. ಮಡಿ ಎಂದರೆ ಬಾವಿಯ ಕಟ್ಟೆಯಿಂದ, ಗುಡಿಯ ಮೆಟ್ಟಿಲಿಂದ, ಚಹದ ಕಪ್ಪಿನಿಂದ ನಮ್ಮನ್ನು ದೂರ ಇಟ್ಟ ಯಂತ್ರ. ಆ ಯಂತ್ರದಲ್ಲಿ ಕೊಳೆ ಯಾವಾಗಲೂ ಇನ್ನೊಬ್ಬನ ಮೈಮೇಲೆ ಇರುತ್ತದೆ. ಸತ್ತ ದನ ಎಳೆದವನಿಗೆ ಕೊಳೆ. ಆ ದನದ ಒಡೆಯನಿಗೆ ಇಲ್ಲ. ಚರ್ಮ ಹದ ಮಾಡಿದವನಿಗೆ ಕೊಳೆ. ಜೋಡು ಮೆಟ್ಟಿ ನಡೆದವನಿಗೆ ಇಲ್ಲ.

ಪ್ಯೂರಿಟನ್ನನ ಶುದ್ಧಿ ಬೇರೆ ಕಡೆ ಮುಖ ಮಾಡಿತ್ತು. ಅವನ ಪ್ರಕಾರ ಕೊಳೆ ಇರುವುದು ತನ್ನ ಎದೆಯೊಳಗೆ. ಅದರ ಹೆಸರು ಪಾಪ. ಪ್ರತಿದಿನ ಅದನ್ನು ಹುಡುಕಬೇಕು, ಸಭೆಯ ಮುಂದೆ ಒಪ್ಪಿಕೊಳ್ಳಬೇಕು, ಬಿಡಬೇಕು. ಹುಟ್ಟಿನಿಂದ ಯಾರೂ ಶುದ್ಧರಲ್ಲ. ರಾಜನೂ ಅಲ್ಲ, ಪಾದ್ರಿಯೂ ಅಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಇಷ್ಟಕ್ಕೇ ಮರುಳಾಗಬಾರದು. ತನ್ನ ಪಾಪ ಹುಡುಕುವ ಈ ಜನ ಗುಲಾಮರನ್ನು ಇಟ್ಟುಕೊಳ್ಳಲಿಲ್ಲವೇನು? ಇಟ್ಟುಕೊಂಡರು. 1630ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಬೀಡು ಬಿಟ್ಟ ಪ್ಯೂರಿಟನ್ನರು 1641ರಲ್ಲಿ ಸ್ವಾತಂತ್ರ್ಯಗಳ ಕಾಯಿದೆ ಎಂದೇ ಹೆಸರಿಟ್ಟು ಒಂದು ಕಾಯಿದೆ ಮಾಡಿದರು. ನ್ಯಾಯವಾದ ಯುದ್ಧದಲ್ಲಿ ಸೆರೆ ಸಿಕ್ಕವರನ್ನೂ, ತಮಗೆ ಮಾರಲ್ಪಟ್ಟವರನ್ನೂ ಗುಲಾಮರಾಗಿ ಇಟ್ಟುಕೊಳ್ಳಲು ಆ ಸ್ವಾತಂತ್ರ್ಯದ ಕಾಯಿದೆಯಲ್ಲೇ ಕಿಂಡಿ ಬಿಟ್ಟರು. ಬಾಸ್ಟನ್ನಿನ ದೊಡ್ಡ ಪಾದ್ರಿ ಕಾಟನ್ ಮೇದರ್ 1706ರಲ್ಲಿ ಪುಸ್ತಕ ಬರೆದು ಕರಿಯರಿಗೆ ಕ್ರಿಸ್ತನನ್ನು ಕಲಿಸಿರಿ ಎಂದ. ದೀಕ್ಷೆ ಕೊಟ್ಟ ಮಾತ್ರಕ್ಕೆ ಅವರು ಬಿಡುಗಡೆ ಆಗುವುದಿಲ್ಲ, ಇನ್ನೂ ಒಳ್ಳೆಯ ಆಳುಗಳಾಗುತ್ತಾರೆ ಎಂದು ಒಡೆಯರಿಗೆ ಧೈರ್ಯವನ್ನೂ ಹೇಳಿದ. ಅವನ ಮನೆಯಲ್ಲೇ ಒಬ್ಬ ಗುಲಾಮ ಇದ್ದ. ಪರಂಪರೆ ಎಂದರೆ ಇದೂ ಸೇರಿಯೇ.

ಅದೇ ಊರಿನಲ್ಲಿ ಸ್ಯಾಮುಯೆಲ್ ಸಿವಾಲ್ ಎಂಬ ನ್ಯಾಯಾಧೀಶನಿದ್ದ. 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರೆಂದು ಅಮಾಯಕರನ್ನು ಗಲ್ಲಿಗೇರಿಸಿದ ನ್ಯಾಯಮಂಡಳಿಯಲ್ಲಿ ಅವನೂ ಕೂತಿದ್ದ. 1697ರಲ್ಲಿ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ಆ ತಪ್ಪಿನ ಹೊಣೆ ತನ್ನದೆಂದು ಒಪ್ಪಿಕೊಂಡ. ಮೂರು ವರ್ಷದ ಮೇಲೆ, 1700ರಲ್ಲಿ, ಗುಲಾಮಗಿರಿಯ ವಿರುದ್ಧ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಅಣ್ಣಂದಿರು ಜೋಸೆಫನನ್ನು ಮಾರಿದ ಬೈಬಲ್ಲಿನ ಕಥೆ ಹಿಡಿದು ಅವನು ಹೇಳಿದ್ದು ಇಷ್ಟೆ: ಮನುಷ್ಯರೆಲ್ಲ ಒಬ್ಬ ಆದಮನ ಮಕ್ಕಳು, ಮಾರಿದವನು, ಕೊಂಡವನು ಕಳ್ಳರು. ಕೊಳೆ ಮಾರಾಟವಾದವನ ಮೈಮೇಲೆ ಇಲ್ಲ, ಮಾರಿದವನ ಕೈಯಲ್ಲಿ ಇದೆ!

ಮರುವರ್ಷವೇ ಜಾನ್ ಸಾಫಿನ್ ಎಂಬ ಇನ್ನೊಬ್ಬ ನ್ಯಾಯಾಧೀಶ ಅದೇ ಬೈಬಲ್ ಹಿಡಿದು ಗುಲಾಮಗಿರಿ ಸರಿ ಎಂದು ಮರುತ್ತರ ಬರೆದ. ಸಾಫಿನ್ನನಿಗೆ ಆ ಉರಿ ಯಾಕೆ? ಆಡಂ ಎಂಬ ಅವನ ಗುಲಾಮ, ಕೊಟ್ಟ ಮಾತಿನಂತೆ ನನ್ನನ್ನು ಬಿಡು ಎಂದು ಜಗ್ಗದೆ ನಿಂತಿದ್ದ. ವ್ಯಾಜ್ಯ ಕೋರ್ಟಿಗೆ ಹೋಯಿತು. 1703ರಲ್ಲಿ ಆಡಂ ಗೆದ್ದ. ಸಿವಾಲನ ಪುಸ್ತಕ ಚರಿತ್ರೆಯಲ್ಲಿ ಉಳಿಯಿತು, ಆಡಂನ ಹಟ ಅಡಿ ಟಿಪ್ಪಣಿ ಆಯಿತು. ಇನ್ನೊಂದು ಮಾತು. ಗುಲಾಮಗಿರಿ ಪಾಪ ಎಂದ ಸಿವಾಲನೇ, ಕರಿಯರು ನಮ್ಮೊಡನೆ ಒಂದು ಸಂಸಾರವಾಗಿ ಬಾಳಲಾರರು ಎಂಬರ್ಥದ ಮಾತನ್ನೂ ಅದೇ ಪುಸ್ತಕದಲ್ಲಿ ಬರೆದ. ಬಿಡುಗಡೆ ಬೇಕು, ಪಕ್ಕದಲ್ಲಿ ಕೂರುವುದು ಬೇಡ. ಈ ದನಿ ನಮಗೆ ಹೊಸದೇನಲ್ಲ.

ಹೀಗೆ ಈ ಪರಂಪರೆ ಎರಡು ನಾಲಿಗೆಯಲ್ಲಿ ಮಾತಾಡುತ್ತ ನೂರಾರು ವರ್ಷ ನಡೆಯಿತು. ಪ್ರಸಿದ್ಧ ಧರ್ಮಪಂಡಿತ ಜೊನಾಥನ್ ಎಡ್ವರ್ಡ್ಸ್ ಗುಲಾಮರ ಒಡೆಯ. ಅವನ ಶಿಷ್ಯ ಸ್ಯಾಮುಯೆಲ್ ಹಾಪ್ಕಿನ್ಸ್, ಗುಲಾಮರ ವ್ಯಾಪಾರದಿಂದಲೇ ಕೊಬ್ಬಿದ ನ್ಯೂಪೋರ್ಟ್ ಬಂದರಿನಲ್ಲಿ ನಿಂತು ಆ ವ್ಯಾಪಾರವನ್ನು ಖಂಡಿಸಿದ. ವಿಲಿಯಂ ಲಾಯ್ಡ್ ಗ್ಯಾರಿಸನ್ 1831ರಿಂದ 1865ರವರೆಗೆ ಪತ್ರಿಕೆ ನಡೆಸಿ, ನಿಧಾನ ಬೇಡ, ಪಾಪವನ್ನು ಯಾರೂ ಕಂತಿನಲ್ಲಿ ಬಿಡುವುದಿಲ್ಲ ಎಂದು ವಾದಿಸಿದ. 1854ರ ಜುಲೈ 4ರಂದು ಅಮೆರಿಕದ ಸಂವಿಧಾನದ ಪ್ರತಿಯನ್ನೇ ಸಭೆಯಲ್ಲಿ ಸುಟ್ಟ. ಅದರೊಳಗೆ ಗುಲಾಮಗಿರಿಗೆ ಜಾಗ ಇದೆ ಎಂಬುದು ಅವನ ಸಿಟ್ಟು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಮನುಸ್ಮೃತಿಗೆ ಇಡಿಸಿದ ಬೆಂಕಿ ನೆನಪಾಗುವುದಿಲ್ಲವೆ? ಆದರೆ ಗ್ಯಾರಿಸನ್ ಸುಟ್ಟದ್ದು ಒಡೆಯರ ಕುಲದಲ್ಲಿ ಹುಟ್ಟಿದ ಒಬ್ಬನ ಆತ್ಮಸಾಕ್ಷಿಯ ಬೆಂಕಿ. ಮಹಾಡಿನದು ಕೆರೆಯ ನೀರು ಮುಟ್ಟಿದ್ದಕ್ಕೆ ಏಟು ತಿಂದವರ ಬೆಂಕಿ.

ಈ ಭೇದ ಅಮೆರಿಕದಲ್ಲೂ ಇತ್ತು. 1773ರಿಂದಲೇ ಮ್ಯಾಸಚೂಸೆಟ್ಸಿನ ಗುಲಾಮರು ಬಿಡುಗಡೆಗಾಗಿ ಸರ್ಕಾರಕ್ಕೆ ಅರ್ಜಿ ಹಾಕತೊಡಗಿದ್ದರು. ಎಲಿಜಬೆತ್ ಫ್ರೀಮನ್ ಎಂಬ ಓದು ಬರಹ ಬಾರದ ಗುಲಾಮ ಹೆಂಗಸು, ಎಲ್ಲರೂ ಹುಟ್ಟಿನಿಂದ ಸ್ವತಂತ್ರರು ಎಂದು ಹೊಸ ಸಂವಿಧಾನ ಹೇಳುತ್ತದಂತೆ ಎಂದು ಕಿವಿಯಿಂದ ಕೇಳಿ, ಹಂಗಾದರೆ ನಾನು ಯಾಕೆ ಗುಲಾಮಳು ಎಂದು ವಕೀಲನ ಮನೆಗೆ ಹೋದಳು. 1781ರಲ್ಲಿ ಕೋರ್ಟಿನಲ್ಲಿ ಗೆದ್ದಳು. ಡೇವಿಡ್ ವಾಕರ್ ಎಂಬ ಕರಿಯ 1829ರಲ್ಲಿ ಬಾಸ್ಟನ್ನಿನಿಂದ ತನ್ನ ಜನಕ್ಕೆ ಕರೆಕೊಟ್ಟು ಪುಸ್ತಕ ಬರೆದ. ಗ್ಯಾರಿಸನ್ನನ ಪತ್ರಿಕೆ ಇನ್ನೂ ಹುಟ್ಟಿರಲಿಲ್ಲ. ಫ್ರೆಡರಿಕ್ ಡಗ್ಲಾಸ್ 1845ರ ತನ್ನ ಆತ್ಮಕಥೆಯಲ್ಲಿ ಕ್ರಿಸ್ತನ ಧರ್ಮ ಬೇರೆ, ಈ ನಾಡಿನ ಗುಲಾಮರ ಒಡೆಯರ ಧರ್ಮ ಬೇರೆ ಎಂದು ಗೆರೆ ಎಳೆದ. ಬಿಳಿಯರ ಧರ್ಮದ ಅಳತೆಗೋಲನ್ನು ಕಿತ್ತುಕೊಂಡು ಬಿಳಿಯರನ್ನೇ ಅಳೆದ. ಪರಂಪರೆಯೊಳಗೆ ಬೀಜ ಇತ್ತು ನಿಜ. ಆದರೆ ಅದನ್ನು ಮೊಳೆಸಿದ್ದು ಅದರ ಕೆಳಗೆ ಸಿಕ್ಕಿ ನಲುಗಿದವರ ಬೆವರು.

ಈಗ ನಮ್ಮ ಬೀದರಿಗೆ ಬರೋಣ. ಇಲ್ಲೂ ಗುಲಾಮರಿದ್ದರು. ಬಹಮನಿ ಸುಲ್ತಾನರ ಕಾಲದಲ್ಲಿ ಆಫ್ರಿಕದ ಅಬಿಸೀನಿಯಾದಿಂದ ಹಬ್ಶಿಗಳು ದಖ್ಖನಿಗೆ ಬಂದರು. ಅವರಲ್ಲಿ ಬಹಳ ಜನ ಮಾರಾಟವಾಗಿ ಬಂದವರು. ಬೀದರಿನಲ್ಲಿ ಹಬ್ಶಿ ಕೋಟೆ ಎಂದು ಕರೆಯುವ ಗುಡ್ಡದ ಮೇಲೆ ಹಬ್ಶಿ ಸರದಾರರ ಗೋರಿಗಳಿವೆ. ಗುಲಾಮರಾಗಿ ಬಂದ ಕುಲದವರು ಸರದಾರರಾಗಿ ಸತ್ತರು. ಅಷ್ಟೇ ಅಲ್ಲ, ಬರೀದಶಾಹಿ ವಂಶವನ್ನು ಕಟ್ಟಿದ ಕಾಸಿಂ ಬರೀದ ಕೂಡ ಗುಲಾಮನಾಗಿ ಮಾರಾಟವಾಗಿ ಬಂದವನೆಂದು ಚರಿತ್ರೆಕಾರರು ಬರೆದಿದ್ದಾರೆ. ಅವನ ಮಕ್ಕಳು ಮೊಮ್ಮಕ್ಕಳು ಬೀದರಿನ ಗಾದಿಯ ಮೇಲೆ ಕೂತರು.

ಗುಲಾಮ ರಾಜನಾದ ಈ ಊರಿನಲ್ಲಿ ಹೊಲೆಯ, ಮಾದಿಗ ಊರ ಬಾವಿಯ ನೀರು ಸೇದಲು ಆಗಲಿಲ್ಲ. ಇದನ್ನು ಯೋಚಿಸಿ, ಗೆಳೆಯರೆ. ಗುಲಾಮಗಿರಿ, ಅಸ್ಪೃಶ್ಯತೆ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದ ಬಾಬಾಸಾಹೇಬರು ಇದನ್ನೇ ತೋರಿಸಿದರು. ಗುಲಾಮನಿಗೆ ಹೊರಬರುವ ಒಂದು ಬಾಗಿಲಾದರೂ ಇತ್ತು. ಒಡೆಯ ಮನಸ್ಸು ಮಾಡಿದರೆ ಅವನು ಸ್ವತಂತ್ರ. ಅಸ್ಪೃಶ್ಯನನ್ನು ಬಿಡಿಸಲು ಯಾವ ಒಡೆಯನಿಗೂ ಅಧಿಕಾರ ಇಲ್ಲ, ಯಾಕಂದರೆ ಅವನನ್ನು ಯಾರೂ ಕೊಂಡೇ ಇಲ್ಲ. ಗುಲಾಮಗಿರಿ ಕೊರಳಿನ ಸರಪಳಿ. ಅಸ್ಪೃಶ್ಯತೆಯನ್ನು ಮೈಯ ಕೊಳೆ ಎಂದು ಹೇಳಿ ನಂಬಿಸಲಾಯಿತು. ಸರಪಳಿಯನ್ನು ಕಡಿಯಬಹುದು. ಹುಟ್ಟಿನ ಜೊತೆ ಅಂಟಿಸಿದ ಕೊಳೆಯನ್ನು ಯಾವ ಸುತ್ತಿಗೆಯಿಂದ ಒಡೆಯುತ್ತೀರಿ?

ಈ ಕೊಳೆಯ ದಿಕ್ಕನ್ನು ತಿರುಗಿಸಲು ನಮ್ಮ ನೆಲದಲ್ಲೇ ಒಂದು ಪ್ರಯತ್ನ ನಡೆಯಿತು, ಪ್ಯೂರಿಟನ್ನರು ಹುಟ್ಟುವುದಕ್ಕೆ ನಾಲ್ಕು ನೂರು ವರ್ಷ ಮೊದಲು. ಕಲ್ಯಾಣದ ಶರಣರು ಹೊರಗಿನ ಮಡಿಯನ್ನು ಎಸೆದು ಒಳಗಿನ ಶುದ್ಧಿ ಕೇಳಿದರು. ದುಡಿಯುವ ಕೈ ಮೈಲಿಗೆ ಅಲ್ಲ, ಕುಲದ ಹೆಮ್ಮೆಯೇ ಮೈಲಿಗೆ ಎಂದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಆ ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದರೆಂದು ಶರಣ ಪರಂಪರೆ ನೆನೆಯುತ್ತದೆ. ಹರಳಯ್ಯನ ಗವಿಗೆ ಇಂದಿಗೂ ಜನ ಹೋಗುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಬರುತ್ತಾರೆ. ಬಂದವರಲ್ಲಿ ಎಷ್ಟು ಮಂದಿ ತಮ್ಮ ಮಗಳನ್ನು ಇಂದಿನ ಹರಳಯ್ಯನ ಮಗನಿಗೆ ಕೊಡುತ್ತಾರೆ?

ನಾನು ಎಲ್ಲರನ್ನೂ ಒಂದೇ ಗಾಣಕ್ಕೆ ಹಾಕುತ್ತಿಲ್ಲ. ಆಗ ಔರಾದ ತಾಲೂಕಿನಲ್ಲಿದ್ದ ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1889-1999) ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ಕೆಳಜಾತಿಯ ಮಕ್ಕಳನ್ನೂ ಸಾಲಿಗೆ, ಊಟದ ಪಂಕ್ತಿಗೆ ಸೇರಿಸಿಕೊಂಡರೆಂದು ಭಾಲ್ಕಿಯ ಹಿರಿಯರು ಹೇಳುತ್ತಾರೆ. ಪರಂಪರೆಯ ಅಳತೆಗೋಲನ್ನು ತನ್ನ ಮಠದ ಕಡೆಗೇ ತಿರುಗಿಸುವುದು ಸುಲಭದ ಕೆಲಸ ಅಲ್ಲ. ಆದರೆ ಒಬ್ಬ ಸ್ವಾಮಿಯ ದೊಡ್ಡಮನಸ್ಸನ್ನು ತೋರಿಸಿ ಇಡೀ ಸಮಾಜ ತನ್ನ ಲೆಕ್ಕ ಚುಕ್ತಾ ಆಯಿತೆಂದು ರಸೀದಿ ಬರೆದುಕೊಳ್ಳುತ್ತದಲ್ಲ, ಅದನ್ನು ಒಪ್ಪಲಾಗದು. ಸಿವಾಲನೊಬ್ಬ ತಪ್ಪೊಪ್ಪಿಕೊಂಡದ್ದರಿಂದ ಬಾಸ್ಟನ್ ಶುದ್ಧವಾಗಲಿಲ್ಲ.

ಇನ್ನು ಮಿಷನ್. ಪ್ಯೂರಿಟನ್ ಪರಂಪರೆಯ ಒಂದು ಎಳೆ ನೇರ ಬೀದರಿನವರೆಗೆ ಬಂದಿದೆ. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ 1662ರಲ್ಲಿ ಇಂಗ್ಲೆಂಡಿನ ಚರ್ಚಿನಿಂದ ಹೊರದಬ್ಬಿಸಿಕೊಂಡ ಪ್ಯೂರಿಟನ್ ಬೋಧಕರು. ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ. 1791ರಲ್ಲಿ, ಸಾಯುವ ಕೆಲವೇ ದಿನ ಮೊದಲು, ಆ ಹೋರಾಟ ಬಿಡಬೇಡ ಎಂದು ವಿಲ್ಬರ್‌ಫೋರ್ಸನಿಗೆ ಕಾಗದ ಬರೆದ. ಅವನ ಅಮೆರಿಕದ ಶಿಷ್ಯರು 1784ರಲ್ಲಿ ನಮ್ಮ ಸದಸ್ಯರು ಗುಲಾಮರನ್ನು ಬಿಡಲೇಬೇಕು ಎಂದು ನಿಯಮ ಮಾಡಿದರು. ಒಡೆಯರು ಗದ್ದಲ ಮಾಡಿದೊಡನೆ ಮರುವರ್ಷವೇ ಅದನ್ನು ತಡೆಹಿಡಿದರು. 1844ರಲ್ಲಿ ಒಬ್ಬ ಬಿಷಪ್ಪನೇ ಗುಲಾಮರ ಒಡೆಯ ಎಂಬ ಜಗಳದಲ್ಲಿ ಚರ್ಚು ಉತ್ತರ, ದಕ್ಷಿಣ ಎಂದು ಒಡೆಯಿತು. ಆ ಉತ್ತರದ ಚರ್ಚಿನವರು 1870ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದು ಹೈದರಾಬಾದಿನ ಮೂಲಕ ಬೀದರ ಸೀಮೆಗೆ ಕಾಲಿಟ್ಟರು. ಹಳ್ಳಿಹಳ್ಳಿಗಳಲ್ಲಿ ಅವರ ಮಾತಿಗೆ ಕಿವಿಗೊಟ್ಟವರು ಹೆಚ್ಚಾಗಿ ಮಾದಿಗರು.

ಅವರಿಗೆ ಅಲ್ಲಿ ಸಿಕ್ಕಿದ್ದೇನು? ಅಕ್ಷರ ಸಿಕ್ಕಿತು, ಔಷಧ ಸಿಕ್ಕಿತು. 'ನಿನ್ನ ಮೈಯಲ್ಲಿ ಕೊಳೆ ಇಲ್ಲ, ಪಾಪ ಎಲ್ಲರದೂ ಒಂದೇ' ಎಂಬ ಮಾತು ಸಿಕ್ಕಿತು. ಸಾವಿರಾರು ವರ್ಷ ಕೊಳೆ ಹೊತ್ತವನಿಗೆ ಆ ಮಾತು ಎಂಥದು ಎಂದು ಮಡಿಯಲ್ಲಿ ಹುಟ್ಟಿದವರಿಗೆ ತಿಳಿಯುವುದು ಕಷ್ಟ. ಹಿಟ್ಟಿಗೆ, ಬಟ್ಟೆಗೆ ಜಾತಿ ಬಿಟ್ಟರು ಎಂದು ಹಂಗಿಸುವವರು ತಾವೇ ಹಿಟ್ಟು ಕೊಟ್ಟಿದ್ದರೇನು?

ಆದರೂ ಕೋಲು ಎಲ್ಲರಿಗೂ ಒಂದೇ ಇರಬೇಕು. ಬೀದರಿನಲ್ಲಿ ಎಲ್ಲರೂ ದೇವರ ಮಕ್ಕಳು ಎಂದ ಅದೇ ಚರ್ಚು, ತನ್ನ ದೇಶದಲ್ಲಿ 1939ರಲ್ಲಿ ಉತ್ತರ ದಕ್ಷಿಣ ಒಂದಾಗುವಾಗ ಕರಿಯರ ಸಭೆಗಳನ್ನೆಲ್ಲ ಬೇರೆ ಆಡಳಿತಕ್ಕೆ ದೂಡಿತು. ಆ ಬೇಲಿ ಕಿತ್ತದ್ದು 1968ರಲ್ಲಿ. ಗುಲಾಮಗಿರಿ ಪಾಪವೆಂದ ಪರಂಪರೆಗೂ ಪಕ್ಕದಲ್ಲಿ ಕೂರಿಸಿಕೊಳ್ಳಲು ನೂರು ವರ್ಷ ಸಾಲಲಿಲ್ಲ. ಇತ್ತ ನಮ್ಮ ಸರ್ಕಾರ 1950ರ ಆದೇಶದಲ್ಲಿ ಪರಿಶಿಷ್ಟ ಜಾತಿ ಎನಿಸಿಕೊಳ್ಳಲು ಹಿಂದೂ ಆಗಿರಬೇಕು ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ಕ್ರೈಸ್ತನಾದ ಮಾದಿಗ ಹೊರಗೇ ಉಳಿದ. ಊರಿನವರು ಅವನನ್ನು ಕೇರಿಯಲ್ಲೇ ಇಡುತ್ತಾರೆ, ಕಾಗದ ಮಾತ್ರ ಅವನಿಗೆ ಕೇರಿಯೇ ಇಲ್ಲ ಎನ್ನುತ್ತದೆ.

ಪುಣೆಯ ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ನಮ್ಮ ಮೇಲ್ಜಾತಿಯವರು ಅದನ್ನು ಮಾದರಿಯಾಗಿ ಹಿಡಿಯಲಿ ಎಂಬುದು ಅವರ ಆಸೆ. ಫುಲೆಯವರು ಭೋಳೆ ಮನುಷ್ಯ ಅಲ್ಲ. ಒಡೆಯರ ಕುಲದಲ್ಲಿ ಹುಟ್ಟಿದವರು ಒಡೆತನವನ್ನು ಪಾಪ ಎಂದು ಕರೆದ ಉದಾಹರಣೆ ಲೋಕದಲ್ಲಿ ಒಂದಾದರೂ ಇದೆ, ನಿಮ್ಮಲ್ಲಿ ಎಲ್ಲಿ ತೋರಿಸಿ ಎಂದು ಅವರು ಕೇಳಿದ ಹಾಗಿದೆ ಆ ಅರ್ಪಣೆ.

ಪಶ್ಚಾತ್ತಾಪಕ್ಕೂ ಒಂದು ಗಡಿ ಇದೆ. ಪಾಪ ಒಪ್ಪಿಕೊಂಡವನ ಎದೆ ಹಗುರಾಗುತ್ತದೆ. ಗುಲಾಮನ ಹೊಟ್ಟೆ ತುಂಬುವುದಿಲ್ಲ. 1865ರ ಜನವರಿಯಲ್ಲಿ ಜನರಲ್ ಶೆರ್ಮನ್ ದಕ್ಷಿಣದ ಕರಾವಳಿಯ ಭೂಮಿಯನ್ನು ಕರಿಯ ಸಂಸಾರಗಳಿಗೆ ನಲವತ್ತು ಎಕರೆಯಂತೆ ಹಂಚಲು ಆದೇಶ ಹೊರಡಿಸಿದ. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರೂ ಜಾನ್ಸನ್ ಭೂಮಿಯನ್ನು ಹಳೆಯ ಒಡೆಯರಿಗೇ ಹಿಂದಿರುಗಿಸಿದ. ಗುಲಾಮಗಿರಿ ಹೋಯಿತು, ಹೊಲ ಒಡೆಯನದೇ ಆಯಿತು. ಬಿಡುಗಡೆಯಾದವನು ಅದೇ ಹೊಲದಲ್ಲಿ ಪಾಲಿಗೆ ದುಡಿದು ಸಾಲಕ್ಕೆ ಬಿದ್ದ.

ನಮ್ಮ ಕಥೆ ಬೇರೆಯೇ? ಜೀತ ರದ್ದು ಮಾಡಿದ 1976ರ ಕಾಯಿದೆಯಲ್ಲಿ ದೇಶದ ನಾನಾ ಕಡೆಯ ಜೀತಗಳ ಒಂದು ಪಟ್ಟಿ ಇದೆ. ಅದರಲ್ಲಿ ಜೀತ ಇದೆ, ವೆಟ್ಟಿ ಇದೆ, ನಿಜಾಮನ ರಾಜ್ಯದ ಭಾಗೇಲಾ ಇದೆ. 'ಹೊಲ್ಯ' ಎಂಬ ಮಾತೂ ಇದೆ. ಜಾತಿಯ ಹೆಸರೇ ಜೀತದ ಹೆಸರಾಗಿ ಕಾಯಿದೆ ಪುಸ್ತಕ ಸೇರಿದೆ. ಗುಲಾಮಗಿರಿಗೂ ಅಜ್ಜನ ದುಡಿತಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಬೇಕೆ? ಕಾಯಿದೆ ಸಾಲ ಮನ್ನಾ ಮಾಡಿತು. ಆದರೆ 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಡುವ ಕಾಯಿದೆ. ಗೇಣಿಗೂ ಹೊಲ ಸಿಗದೆ ಬರೀ ಆಳಾಗಿ ದುಡಿದವನು ಯಾವ ಫಾರಂ ತುಂಬಬೇಕಿತ್ತು? 'ಉಳುವವನೇ ಒಡೆಯ' ಎಂದಾಗ ನೇಗಿಲು ಹಿಡಿದ ಕೈ ಲೆಕ್ಕಕ್ಕೆ ಬರಲಿಲ್ಲ, ಗೇಣಿ ಚೀಟಿ ಹಿಡಿದ ಕೈ ಲೆಕ್ಕಕ್ಕೆ ಬಂತು. ಸರ್ಕಾರ ಕೊಟ್ಟ ತುಂಡು ಭೂಮಿಯೂ ಕೈಜಾರಿ ಹೋಗತೊಡಗಿದಾಗ ಅದನ್ನು ತಡೆಯಲು 1978ರಲ್ಲಿ ಇನ್ನೊಂದು ಕಾಯಿದೆ ಬೇಕಾಯಿತು. 2023ರಲ್ಲಿ ಅದನ್ನೂ ಮತ್ತೆ ತಿದ್ದಬೇಕಾಯಿತು.

ಹಾಗಾದರೆ ಧರ್ಮದ ಪರಂಪರೆ ಗುಲಾಮರನ್ನು ಬಿಡಿಸಬಲ್ಲದೆ? ನನಗೆ ಕಂಡಂತೆ, ಅದು ಒಂದು ಕೆಲಸ ಮಾಡಬಲ್ಲದು. ಕೊಳೆಯ ದಿಕ್ಕನ್ನು ತಿರುಗಿಸಬಲ್ಲದು. ತುಳಿಯಲ್ಪಟ್ಟವನ ಮೈಯಿಂದ ಎತ್ತಿ ತುಳಿದವನ ಕೈಯಲ್ಲಿ ಇಡಬಲ್ಲದು. ಇದು ಸಣ್ಣ ಕೆಲಸ ಎಂದು ತಳ್ಳಿಹಾಕಬಾರದು. ಕೊಳೆ ನನ್ನಲ್ಲೇ ಇದೆ ಎಂದು ನಂಬಿದವನು ಹೋರಾಟಕ್ಕೆ ಇಳಿಯುವುದೇ ಇಲ್ಲ. ಆದರೆ ಅಲ್ಲಿಂದ ಮುಂದಿನ ದಾರಿಯನ್ನು ಪರಂಪರೆ ನಡೆಯುವುದಿಲ್ಲ, ಆಡಂ ನಡೆಯಬೇಕು, ಎಲಿಜಬೆತ್ ಫ್ರೀಮನ್ ನಡೆಯಬೇಕು, ನಾವು ನಡೆಯಬೇಕು. ಆಗ ಆ ಪರಂಪರೆ ಯಾರ ಮಠದ್ದು, ಯಾರ ಚರ್ಚಿನದು ಎಂಬ ವಾರಸಾ ವ್ಯಾಜ್ಯಕ್ಕೆ ಅರ್ಥ ಉಳಿಯುವುದಿಲ್ಲ. ಬಳಸಿದವರದು ಅದು. ಹರಳಯ್ಯ ಕೇರಿಯವನು. ಅವನನ್ನು ನಮಗೆ ದಾನವಾಗಿ ಕೊಡಲು ಬರುವವರು ಯಾರು?

ಬಸವ ಜಯಂತಿಗೆ, ಕ್ರಿಸ್‌ಮಸ್‌ಗೆ, ಅಂಬೇಡ್ಕರ್ ಜಯಂತಿಗೆ ನಮ್ಮನ್ನು ವೇದಿಕೆಗೆ ಕರೆದು ಹಾರ ಹಾಕುವವರಿಗೆ ಮೂರು ಮಾತು ಕೇಳೋಣ. ನಿಮ್ಮ ಊರಿನ ಪಹಣಿಯಲ್ಲಿ ಕೇರಿಯವರ ಹೆಸರಿನಲ್ಲಿ ಎಷ್ಟು ಎಕರೆ ಇದೆ? ಕೇರಿಯವರು ಸತ್ತರೆ ಹೂಳಲು ಜಾಗ ಎಲ್ಲಿದೆ? ನಿಮ್ಮ ಮನೆಯ ಮದುವೆಯಲ್ಲಿ ಅವರು ಯಾವ ಪಂಕ್ತಿಯಲ್ಲಿ ಉಣ್ಣುತ್ತಾರೆ? ಉತ್ತರ ಕೊಡುವವರೆಗೆ ಹಾರವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿರಲಿ.